ಆಗ ಇದ್ದದ್ದೇ ಒಂದು ಚಾನೆಲ್, ಅದಕ್ಕೇನಾ?

ದೂರದರ್ಶನದಲ್ಲಿ ಬರುತ್ತಿದ್ದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹಾಡು ಅಂದರೆ ನನಗೆ ಇವತ್ತಿಗೂ ಜೀವ. ಹಾಗಂದ ಕೂಡಲೇ ಒಂದು ಪ್ರಶ್ನೆ ಬರುತ್ತದೆ. “ಆಗ ದೂರದರ್ಶನ ಬಿಟ್ಟರೆ ಬೇರೇನಿತ್ತು? ಏನು ಹಾಕಿದ್ದರೂ ನೋಡ್ತಿದ್ರಿ. ಅದಕ್ಕೇ ಇಷ್ಟ, ಅಲ್ವಾ?”

ಅದಕ್ಕಲ್ಲ. ಅದೇ ದೂರದರ್ಶನದಲ್ಲಿ ಬಂದ ಎಷ್ಟೋ ಹಾಡುಗಳು ನನಗೆ ಮರೆತೇ ಹೋಗಿವೆ. ಇದು ಉಳಿದದ್ದಕ್ಕೆ ಕಾರಣ ಹಾಡಿನಲ್ಲೇ ಇದೆ.

1988ರ ಆಗಸ್ಟ್ 15ರಂದು, ಕೆಂಪುಕೋಟೆಯಿಂದ ಪ್ರಧಾನಿ ರಾಜೀವ್ ಗಾಂಧಿಯವರ ಭಾಷಣ ಮುಗಿದ ಮೇಲೆ ಇದು ಮೊದಲ ಸಲ ಪ್ರಸಾರವಾಯಿತು. ಬರೆದವರು ಪಿಯೂಷ್ ಪಾಂಡೆ. ಆಮೇಲೆ ಎರಡು ಕಾರ್ಯಕ್ರಮಗಳ ನಡುವೆ ಯಾವಾಗ ಬೇಕಾದರೂ ಬರುತ್ತಿತ್ತು. ಒಂದೇ ಮಾತು, ಒಂದಾದ ಮೇಲೊಂದರಂತೆ ಒಟ್ಟು 14 ಭಾಷೆಯಲ್ಲಿ. ನಮ್ಮ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಕನ್ನಡದ ಸಾಲಿಗೆ. ಅದು ಬರುವುದು ತಮಿಳು ಆದ ಮೇಲೆ. ತಮಿಳಿನ ಸಾಲು ಮುಗೀತಾ ಬಂತು ಅಂದರೆ ನಾವು ಮಕ್ಕಳು ಅಡುಗೆಮನೆಯ ಕಡೆ ತಿರುಗಿ “ಅಮ್ಮಾ, ನಮ್ದು ಬಂತು!” ಅಂತ ಕೂಗುತ್ತಿದ್ದೆವು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕೆಲವೇ ಸೆಕೆಂಡು, ಅಷ್ಟೇ. ಆಮೇಲೆ ತೆಲುಗು, ಮಲಯಾಳ.

ನಮ್ಮ ಸಾಲು ಬರಬೇಕಾದರೆ ಕಾಶ್ಮೀರಿ, ಪಂಜಾಬಿ, ಸಿಂಧಿ ಎಲ್ಲವನ್ನೂ ಕೇಳಲೇಬೇಕಿತ್ತು. ಹಾಗೆ ಕಾಯುತ್ತಾ ಕಾಯುತ್ತಾ ಅವೂ ಬಾಯಿಪಾಠ ಆದವು. ನಾನು ಕಾಶ್ಮೀರಿಯನ್ನು ಮೊದಲು ಕೇಳಿದ್ದೇ ಅಲ್ಲಿ. ಒಂದು ಪದವೂ ಗೊತ್ತಿರಲಿಲ್ಲ. ಆದರೆ ಧಾಟಿ ಒಂದೇ ಆದ್ದರಿಂದ ಏನು ಹೇಳುತ್ತಿದ್ದಾರೆ ಅನ್ನುವುದು ಯಾರೂ ಬಿಡಿಸಿ ಹೇಳದೆಯೇ ತಿಳಿಯುತ್ತಿತ್ತು. ರಾಗ ಭೈರವಿ. ಹಿಂದೂಸ್ತಾನಿ ಕಛೇರಿಯಲ್ಲಿ ಸಾಮಾನ್ಯವಾಗಿ ಕೊನೆಗೆ ಹಾಡುವ ರಾಗ. ಈ ಹಾಡು ಶುರುವಾಗುವುದೇ ಅದರಲ್ಲಿ. ಪಂಜಾಬಿಗೆ ಬಂದಾಗ ನಡೆ ಬದಲಾಗಿ ಕಾಲು ತಾನಾಗಿ ಕುಣಿಯುತ್ತದೆ. ತೆರೆಯ ಮೇಲೆ ಮಲಯಾಳಕ್ಕೆ ಆನೆ, ಮಾವುತ. ಬಂಗಾಳಿಗೆ ಕಲ್ಕತ್ತಾದ ಮೆಟ್ರೋ.

ದೊಡ್ಡವಳಾದ ಮೇಲೆ ಗೊತ್ತಾದ ಒಂದು ವಿಷಯ ನನಗೆ ಇನ್ನೂ ಜಾಸ್ತಿ ಇಷ್ಟ. ಹಾಡನ್ನು ಎತ್ತುವ ಮೊದಲ ದನಿ ಭೀಮಸೇನ ಜೋಶಿಯವರದು. ನಮ್ಮ ಗದಗ ಸೀಮೆಯ ರೋಣದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತು, ಪುಣೆಯಲ್ಲಿ ಬಾಳಿದವರು. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಅಂದರೆ ನಮಗೆ ನೆನಪಾಗುವುದು ಅವರದೇ ದನಿ. ಇಲ್ಲಿ ಅವರು ಹಾಡಿದ್ದು ಹಿಂದಿಯಲ್ಲಿ. ತಮಿಳಿನ ಸಾಲು ಹಾಡಿದ ಬಾಲಮುರಳಿಕೃಷ್ಣ ಆಂಧ್ರದವರು, ತೆಲುಗು ಮನೆಮಾತಿನವರು. ಅವರಿಗೆ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಕನ್ನಡದ ‘ಹಂಸಗೀತೆ’ಗೆ! ಭಾಷೆಗೊಬ್ಬರನ್ನು ಅವರವರ ಜಾಗದಲ್ಲೇ ನಿಲ್ಲಿಸುವುದು ಸುಲಭವಿತ್ತು. ಆದರೆ ಇಲ್ಲಿ ಒಬ್ಬರು ಇನ್ನೊಬ್ಬರ ಮಾತನ್ನು ತಮ್ಮದೇ ಅನ್ನುವ ಹಾಗೆ ಹಾಡಿದ್ದಾರೆ. ದೇಶ ಅಂದರೆ ಏನು ಅಂತ ಶಾಲೆಯಲ್ಲಿ ಕೇಳಿದ ಯಾವ ಭಾಷಣಕ್ಕಿಂತಲೂ ನನ್ನನ್ನು ತಟ್ಟಿದ್ದು ಇದು.

2010ರ ಜನವರಿ 26ಕ್ಕೆ ಇದರ ಹೊಸ ರೂಪ ಬಂತು. ಹದಿನಾರು ನಿಮಿಷ, ತುಂಬಾ ಸಿನಿಮಾ ತಾರೆಯರು. ನನಗೆ ಹಿಡಿಸಲಿಲ್ಲ. ಹಳೆಯದರಲ್ಲೂ ಅಮಿತಾಭ್, ಕಮಲಹಾಸನ್ ಇದ್ದರು. ಪ್ರಕಾಶ್ ಪಡುಕೋಣೆ ಕಂಡಾಗ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಆದರೆ ಅಲ್ಲಿ ಮಾವುತನಿಗೂ ತಾರೆಗೂ ಸಿಗುವುದು ಅಷ್ಟಷ್ಟೇ ಹೊತ್ತು.

ಹಳೆಯದರಲ್ಲೂ ಕೊರತೆ ಇದೆ. ತುಳು ಇಲ್ಲ, ಕೊಡವ ಇಲ್ಲ, ಕೊಂಕಣಿ ಇಲ್ಲ. ಈಶಾನ್ಯದಿಂದ ಅಸ್ಸಾಮಿ ಒಂದೇ. ಮಣಿಪುರಿ, ಖಾಸಿ, ಮಿಜೋ ಇಲ್ಲ. “ನಮ್ದು ಬಂತು” ಅಂತ ಕೂಗಲು ಕಾದು ಕೂತು, ಅದು ಬಾರದೇ ಹೋದ ಮಕ್ಕಳೂ ಎಷ್ಟೋ ಮನೆಗಳಲ್ಲಿ ಇದ್ದಿರಬೇಕು. ಆ ಹಾಡು ಅವರಿಗೆ ಹೇಗೆ ಕೇಳಿಸಿತು ಅನ್ನುವುದನ್ನು ಅವರ ಬಾಯಿಂದಲೇ ಕೇಳುವ ಆಸೆ ನನಗಿದೆ.