ಗಂಟಿಲ್ಲದ ಕುಲಾವಿ

ತಂಗಿಗೆ ಮಗಳು ಹುಟ್ಟಿದಾಗ ಅಂಗಡಿಯಿಂದ ಟೊಪ್ಪಿಗೆ ತಂದುಕೊಡಲು ಮನಸ್ಸಾಗಲಿಲ್ಲ. ನಾವಿಬ್ಬರೂ ಕೂಸಾಗಿದ್ದಾಗ ಹಾಕಿದ್ದ ಕುಲಾವಿ ಅವ್ವನ ಟ್ರಂಕಿನಲ್ಲಿ ಇನ್ನೂ ಇದೆ. ಅಂಚಿಗೆ ಕೆಂಪು, ಹಸಿರು ಕಸೂತಿ. ಅಜ್ಜಿ ಹಾಕಿದ್ದು. ಅಂಥದ್ದೇ ಒಂದು ನನ್ನ ಕೈಯಾರೆ ಮಾಡಿಕೊಡಬೇಕು ಅನ್ನಿಸಿತು. ಗುಂಡಿ ಹಚ್ಚುವುದು ಬಿಟ್ಟರೆ ಸೂಜಿಯ ಕೆಲಸ ನನಗೆ ಏನೂ ಬರುತ್ತಿರಲಿಲ್ಲ.

ನಾನು ಧಾರವಾಡದವಳು. ಇಳಕಲ್ ಸೀರೆಯ ಮೇಲೆ ತೇರು, ಆನೆ, ನವಿಲು, ತುಳಸಿ ಕಟ್ಟೆ ನೋಡುತ್ತಲೇ ಬೆಳೆದೆ. ಅವು ಬಟ್ಟೆಯ ಮೇಲೆ ಹೇಗೆ ಮೂಡುತ್ತವೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಈಗ ಬೆಂಗಳೂರಿನಲ್ಲಿ ಕೂತು ದೊಡ್ಡವ್ವನಿಗೆ ವಿಡಿಯೋ ಕಾಲ್ ಮಾಡಿದೆ.

"ಪೆನ್ಸಿಲ್‌ನಾಗ ಏನೂ ಬರಕೋಬ್ಯಾಡ. ಎಳಿ ಎಣಸು. ಗಂಟ ಮಾತ್ರ ಹಾಕಬ್ಯಾಡವಾ" ಅಂದಳು.

ಕಸೂತಿಯ ಮೂಲ ಇಷ್ಟೇ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುವುದು. ಅದಕ್ಕೇ ಮೊದಲು ಕಲಿಯುವವರು ಮ್ಯಾಟಿ ಬಟ್ಟೆ ತೆಗೆದುಕೊಳ್ಳಬೇಕು. ಅದರ ನೇಯ್ಗೆ ದಪ್ಪ, ತೂತುಗಳು ಕಣ್ಣಿಗೆ ಕಾಣುತ್ತವೆ. ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಎರಡು ಬಿಡಿಸಿಕೊಂಡರೆ ಸಾಕು. ಸೂಜಿಯ ತುದಿ ಮೊಂಡಾಗಿರಬೇಕು. ಚೂಪಾಗಿದ್ದರೆ ಎಳೆಯ ನಡುವೆ ಹೋಗುವ ಬದಲು ಎಳೆಯನ್ನೇ ಸೀಳುತ್ತದೆ.

ಕೈ ಪಳಗಲಿ ಅಂತ ಮೊದಲು ಅಪ್ಪನಿಗೆ ಓದಿದ ಪುಟದ ಗುರುತಿಗೆ ಪುಸ್ತಕದೊಳಗೆ ಇಡುವ ಬಟ್ಟೆಯ ಪಟ್ಟಿ ಒಂದನ್ನು ಮಾಡಿದೆ. ಮೂರು ಬೆರಳಷ್ಟು ಅಗಲ, ಒಂದು ಗೇಣು ಉದ್ದ. ಅದಕ್ಕೆ ಮುರ್ಗಿ ಹೊಲಿಗೆ. ಮೆಟ್ಟಿಲು ಹತ್ತಿದ ಹಾಗೆ ಒಂದು ಅಡ್ಡ, ಒಂದು ಉದ್ದ. ಮೂರನೇ ದಿನ ಎಲ್ಲೋ ನಾಲ್ಕು ಎಳೆಯ ಬದಲು ಐದು ಎಣಿಸಿದ್ದೆ. ಗೊತ್ತಾಗಿದ್ದು ಪಟ್ಟಿಯ ಕೊನೆ ಮುಟ್ಟಿದಾಗ. ಎರಡು ಸಾಲು ಎದುರುಬದುರು ಬಂದು ಕೂಡಬೇಕಾದ ಕಡೆ ಕೂಡಲಿಲ್ಲ. ಬಿಚ್ಚದೆ ದಾರಿಯೇ ಇರಲಿಲ್ಲ. ಎರಡು ಸಂಜೆ ಬರೀ ಬಿಚ್ಚಿದೆ. ಅಪ್ಪ ಈಗ ಆ ಪಟ್ಟಿಯನ್ನು ಪಂಚಾಂಗದಲ್ಲಿ ಇಟ್ಟಿದ್ದಾರೆ. ದಿನಾ ಒಂದು ಹಾಳೆ ಮುಂದಕ್ಕೆ ಹೋಗುತ್ತದೆ.

ಕುಲಾವಿಯದು ಬೇರೆಯೇ ಕಥೆ. ಮ್ಯಾಟಿ ಬಟ್ಟೆ ಕೂಸಿನ ತಲೆಗೆ ಒರಟು. ಅಪ್ಪನ ಹಳೆಯ ಧೋತರ ಎಷ್ಟೋ ಸಲ ಒಗೆದು ಬೆಣ್ಣೆಯಂತಾಗಿತ್ತು, ಅದನ್ನೇ ತೆಗೆದುಕೊಂಡೆ. ಆದರೆ ಅದರ ಎಳೆ ಎಣಿಸಲು ಕಣ್ಣು ಸೋಲುತ್ತದೆ. ಇದಕ್ಕೂ ದೊಡ್ಡವ್ವನ ಹತ್ತಿರ ಉಪಾಯ ಇತ್ತು. ಜಾಳು ನೇಯ್ಗೆಯ ಕ್ಯಾನ್ವಾಸ್ ತುಂಡನ್ನು ಮೇಲಿಟ್ಟು ದೊಡ್ಡ ದೊಡ್ಡ ಹೊಲಿಗೆಯಲ್ಲಿ ಜೋಡಿಸುವುದು. ಕ್ಯಾನ್ವಾಸಿನ ತೂತು ಎಣಿಸುತ್ತಾ ಎರಡೂ ಬಟ್ಟೆ ಸೇರಿಸಿ ಕಸೂತಿ ಹಾಕುವುದು. ಮುಗಿದ ಮೇಲೆ ಸ್ವಲ್ಪ ಒದ್ದೆ ಮಾಡಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಕೊನೆಯ ಎಳೆ ಜಾರಿ ಬಂದು, ಮೆತ್ತನೆ ಬಟ್ಟೆಯ ಮೇಲೆ ಗೋಪುರದ ಸಾಲು ಮಾತ್ರ ಉಳಿದದ್ದು ನೋಡಿದಾಗ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಹನ್ನೊಂದಕ್ಕೆ ತಂಗಿಗೆ ಫೋಟೋ ಕಳಿಸಿದೆ.

ಗೋಪುರಗಳಿಗೆ ಹಾಕಿದ್ದು ಗವಂತಿ ಹೊಲಿಗೆ. ನನಗೆ ತುಂಬ ಹಿಡಿಸಿದ್ದು ಇದೇ. ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಅಂತ ಹಾಕುತ್ತಾ ಗೆರೆಯ ಕೊನೆಯವರೆಗೂ ಹೋಗಬೇಕು. ಅಲ್ಲಿ ತಿರುಗಿ ಅದೇ ತೂತುಗಳಲ್ಲಿ ವಾಪಸ್ ಬರಬೇಕು. ಹೋಗುವಾಗ ಖಾಲಿ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ನಡುವೆ ಕಳಸ ಬಂದರೆ ಹೋಗುವ ದಾರಿಯಲ್ಲೇ ಅದರ ತುದಿವರೆಗೂ ಹೋಗಿ ಬಂದುಬಿಡಬೇಕು. ಆಮೇಲೆ ನೋಡಿಕೊಳ್ಳೋಣ ಅಂದರೆ ಅಲ್ಲಿಗೆ ದಾರವೇ ಮುಟ್ಟುವುದಿಲ್ಲ. ಸರಿಯಾಗಿ ಬಂದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಗಂಟೂ ಇಲ್ಲ. ಶುರುವಿನಲ್ಲಿ ದಾರದ ತುದಿ ಸ್ವಲ್ಪ ಬಿಟ್ಟಿರುತ್ತೇವೆ, ಕೊನೆಗೆ ಅದನ್ನು ಹೊಲಿಗೆಗಳ ಅಡಿಯಲ್ಲಿ ತೂರಿಸಿ ಮುಚ್ಚುತ್ತೇವೆ.

ಗಂಟು ಬೇಡ ಅನ್ನುವುದು ಚಂದಕ್ಕೆ ಮಾತ್ರ ಅಂದುಕೊಂಡಿದ್ದೆ. ಹೊಲಿದದ್ದನ್ನು ನನ್ನ ಕೆನ್ನೆಗೆ ಒತ್ತಿ ನೋಡಿದಾಗ ಹೊಳೆಯಿತು. ಒಳಗೆ ಏನೂ ಚುಚ್ಚುವುದಿಲ್ಲ. ನೆತ್ತಿ ಇನ್ನೂ ಕೂಡದ ಕೂಸಿನ ತಲೆಗೆ ಇದಕ್ಕಿಂತ ಒಳ್ಳೆಯ ಹೊಲಿಗೆ ಯಾವುದಿದೆ? ಗುಣಾಕಾರದ ಗುರುತಿನ ಹಾಗೆ ಹಾಕುವ ಮೆಂತ್ಯ ಹೊಲಿಗೆ ಸುಲಭ, ಬೇಗ ಮುಗಿಯುತ್ತದೆ ಅಂತ ಗೆಳತಿ ಹೇಳಿದ್ದಳು. ಅದರ ಹಿಂಬದಿ ಮುಂದಿನ ಹಾಗೆ ಬರುವುದಿಲ್ಲ. ಹಾಗಾಗಿ ಬೇಡ ಅಂದೆ.

ಕೂಸಿಗೆ ಮಾಡುವವರಿಗೆ ಇನ್ನೆರಡು ಮಾತು ಹೇಳಲೇಬೇಕು. ಬಣ್ಣದ ದಾರವನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ನಾನು ಅಗ್ಗಕ್ಕೆ ಸಿಕ್ಕಿತು ಅಂತ ತಂದ ಕೆಂಪು ದಾರ ಬಣ್ಣ ಬಿಟ್ಟಿತು. ಪುಣ್ಯಕ್ಕೆ ತುಂಡು ಬಟ್ಟೆಯ ಮೇಲೆ ನೋಡಿದ್ದೆ. ಇನ್ನೊಂದು, ಅಳತೆ. ಹುಟ್ಟಿದಾಗ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ, ಆರು ತಿಂಗಳಿಗೆ 43ರ ಹತ್ತಿರ ಬರುತ್ತದೆ. ಕಲಿಯುವವರ ಕೈ ನಿಧಾನ. ನೀವು ಮುಗಿಸುವ ಹೊತ್ತಿಗೆ ಕೂಸು ಎಷ್ಟು ದೊಡ್ಡದಾಗಿರುತ್ತದೋ ಆ ಅಳತೆಗೇ ಕತ್ತರಿಸಿ. ನನಗೆ ಹತ್ತು ವಾರ ಬೇಕಾಯಿತು. ತೊಟ್ಟಿಲ ಕಾರ್ಯಕ್ರಮಕ್ಕೆ ಕೊಡಬೇಕು ಅಂತಿದ್ದೆ, ಆಗಲಿಲ್ಲ. ಬಾಣಂತನ ಮುಗಿಸಿ ತಂಗಿ ಗಂಡನ ಮನೆಗೆ ಹೊರಡುವ ಹಿಂದಿನ ದಿನ ಧಾರವಾಡ ಮುಟ್ಟಿದೆ.

ಕಸೂತಿ ಹಾಕಿದ ಬಟ್ಟೆಯನ್ನು ಕುಲಾವಿಯಾಗಿ ಹೊಲಿದುಕೊಟ್ಟವಳು ದೊಡ್ಡವ್ವ, ತನ್ನ ಹಳೆಯ ಮಶಿನ್ನಿನಲ್ಲಿ. ಹೊಲಿಯುವ ಮುಂಚೆ ಬಟ್ಟೆ ಕೈಗೆ ತೆಗೆದುಕೊಂಡವಳೇ ತಿರುವಿ ಹಾಕಿದಳು. "ಮುಂದ ಎಲ್ಲಾರ್ದೂ ಚಂದ ಇರತೈತಿ. ಹಿಂದ ನೋಡೋಣು." ಕನ್ನಡಕ ಏರಿಸಿಕೊಂಡು ಒಂದೊಂದೇ ಗೋಪುರದ ಮೇಲೆ ಹೆಬ್ಬೆರಳು ಆಡಿಸಿದಳು. ಏಳನೆಯದರ ಹತ್ತಿರ ಬೆರಳು ನಿಂತಿತು. ಅಲ್ಲೊಂದು ಕಡೆ ದಾರ ಓರೆಯಾಗಿ ದಾಟಿತ್ತು. ಏನೂ ಅನ್ನಲಿಲ್ಲ. ಸೂಜಿ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ನನ್ನಿಂದಲೇ ಸರಿ ಮಾಡಿಸಿದಳು.

ಮರುದಿನ ಬೆಳಿಗ್ಗೆ ಮನೆತುಂಬ ಗಡಿಬಿಡಿ. ಬುತ್ತಿ, ತೊಟ್ಟಿಲು, ಬ್ಯಾಗು ಎಲ್ಲ ಕಾರಿಗೆ ಹೋಗುತ್ತಿದ್ದವು. ಅವ್ವ ಕೂಸಿಗೆ ಕಾಡಿಗೆ ಹಚ್ಚಿ, ಕುಲಾವಿ ಹಾಕಿ, ಗದ್ದದ ಕೆಳಗೆ ಲಾಡಿ ಕಟ್ಟಿ ಎತ್ತಿಕೊಂಡು ಬಂದಳು. ಎಲ್ಲರೂ ನೋಡಿ ದೃಷ್ಟಿ ತೆಗೆದರು, ಫೋಟೋ ಹೊಡೆದುಕೊಂಡರು. ಕಾರು ತಿರುವು ದಾಟಿದ ಮೇಲೆ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದೆ. ಅಂಚಿನ ಮಡಿಕೆ ಹೊರಗೆ ಕಾಣುತ್ತಿತ್ತು. ಅವ್ವ ಕುಲಾವಿಯನ್ನು ಒಳಗಿನದು ಹೊರಗೆ ಮಾಡಿ ಹಾಕಿದ್ದಳು. ಗೋಪುರಗಳು ನೋಡಿ ಯಾರಿಗೂ ಗೊತ್ತಾಗಿರಲಿಲ್ಲ.