ನಮ್ಮೂರ ಮೋರಿಗೂ ಒಂದು ಹೆಸರಿತ್ತು

ಹೋದ ಭಾನುವಾರ ಮಗಳ ಜೊತೆ ಇಲ್ಲಿ ಜರ್ಮನಿಯ ಎಂಷರ್ ನದಿಯ ದಂಡೆಯಲ್ಲಿ ನಡೆಯುತ್ತಿದ್ದೆ. ಪಕ್ಕದ ಮನೆ ಅಜ್ಜನೂ ಬಂದಿದ್ದರು. ಗಣಿಯಲ್ಲಿ ದುಡಿದು ನಿವೃತ್ತರಾದವರು, ವಯಸ್ಸು ಎಂಬತ್ತು ದಾಟಿದೆ. ನೀರಿನ ಹತ್ತಿರ ಬಗ್ಗಿ ನಿಂತ ಮಗಳನ್ನು ನೋಡಿ, "ನಿನ್ನ ವಯಸ್ಸಲ್ಲಿ ನಾನು ಇಲ್ಲಿಗೆ ಬಂದಿದ್ದರೆ ನಮ್ಮಮ್ಮ ಬಾರಿಸ್ತಿದ್ದಳು" ಅಂದರು. ಆಗ ಇಲ್ಲೆಲ್ಲ ಬೇಲಿ ಹಾಕಿ, ಅಪಾಯದ ಬೋರ್ಡು ನೆಟ್ಟಿದ್ದರಂತೆ. ಇಂಥ ಹಳ್ಳಗಳನ್ನು ಈ ಕಡೆಯ ಜನ ಕೊಟ್ಟೆಲ್‌ಬೆಕೆ ಅಂತ ಕರೀತಿದ್ದರು. ನೇರವಾಗಿ ಹೇಳಿದರೆ, ಹೇಲಿನ ಹಳ್ಳ.

ಕಾಸ್ಟ್ರಾಪ್-ರೌಕ್ಸೆಲ್‌ನಂಥ ಸಣ್ಣ ಊರಿಂದ ಹಿಡಿದು ಡಾರ್ಟ್‌ಮುಂಡ್‌ವರೆಗೆ ಎಲ್ಲರ ಕೊಳಚೆಯೂ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಇದೇ ನದಿಯಲ್ಲಿ ತೆರೆದೇ ಹರಿಯುತ್ತಿತ್ತು. ಕೆಳಗೆ ಕಲ್ಲಿದ್ದಲು ಅಗೆಯುತ್ತಿದ್ದರಿಂದ ನೆಲ ಕುಸಿಯುತ್ತಿತ್ತು, ಪೈಪ್ ಹೂತರೆ ಒಡೆದುಹೋಗುತ್ತಿತ್ತು. ಗಣಿಗಳು ಬೇರೆ ಕಡೆ ಸರಿದ ಮೇಲೆ 1992ರಲ್ಲಿ ಕೆಲಸ ಹಿಡಿದರು. 400 ಕಿ.ಮೀ.ಗಿಂತ ಹೆಚ್ಚು ಒಳಚರಂಡಿ ಹಾಕಿದರು, ಕೆಲವು ಕಡೆ 40 ಮೀಟರ್ ಆಳದಲ್ಲಿ. 500 ಕೋಟಿ ಯೂರೋಗೂ ಜಾಸ್ತಿ ಖರ್ಚಾಯಿತು. 2021ರ ಕೊನೆಗೆ ಎಂಷರ್‌ಗೆ ಕೊಳಚೆ ಬೀಳುವುದು ನಿಂತಿತು. ಈಗ ಕೊಳಚೆ ಬೇರೆ ದಾರಿಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಅಲ್ಲಿ ಶುದ್ಧವಾದ ನೀರು ಮಾತ್ರ ಹೊಳೆಗೆ ಬರುತ್ತದೆ.

ಅಜ್ಜ ಇಷ್ಟೆಲ್ಲ ಹೇಳುವಾಗ ಮಗಳು ನನ್ನ ಕೈ ಜಗ್ಗಿ ಕೇಳಿದಳು, "ಅಮ್ಮಾ, ನಿಮ್ಮೂರಲ್ಲಿ ನದಿ ಇತ್ತಾ?"

"ಇರಲಿಲ್ಲ ಕಣೇ, ಒಂದು ಮೋರಿ ಇತ್ತು ಅಷ್ಟೇ" ಅಂದುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಮೋರಿ ಅಂದದ್ದು ವೃಷಭಾವತಿಯನ್ನು! ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಅಂತ ಜನ ನಂಬಿ ಬಂದ ಹೊಳೆ. ನಾನು ಕಂಡದ್ದು ಮೈಸೂರು ರಸ್ತೆಯ ಬಸ್ಸಿನ ಕಿಟಕಿಯಿಂದ, ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು. ನಮ್ಮಲ್ಲಿ ಗಣಿಯೂ ಇರಲಿಲ್ಲ, ನೆಲವೂ ಕುಸಿಯುತ್ತಿರಲಿಲ್ಲ. ಮನೆ ಕಟ್ಟಿದೆವು, ಸಂಡಾಸಿನ ಪೈಪನ್ನು ರಾಜಕಾಲುವೆಗೆ ಬಿಟ್ಟೆವು. ಆಮೇಲೆ ಅದು ಎಲ್ಲಿ ಹೋಯಿತು ಅಂತ ಯಾರೂ ನೋಡಲಿಲ್ಲ. ಹೋದದ್ದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅಲ್ಲಿನ ರೈತರ ಗದ್ದೆಗೆ, ಮುಂದೆ ಅರ್ಕಾವತಿಗೆ, ಕೊನೆಗೆ ಕಾವೇರಿಗೆ.

ಇಲ್ಲಿ ನನಗೆ ಹಿಡಿಸಿದ್ದು ದುಡ್ಡಲ್ಲ. 1899ರಲ್ಲೇ ಎಂಷರ್ ಕಣಿವೆಯ ಊರುಗಳು, ಗಣಿಗಳು, ಕಾರ್ಖಾನೆಗಳು ಒಂದೇ ಸಂಘ ಕಟ್ಟಿಕೊಂಡವು. ಮೇಲಿನ ಊರು ಕೊಳೆ ಬಿಟ್ಟು ಕೆಳಗಿನ ಊರನ್ನು ಮರೆಯುವ ಹಾಗಿಲ್ಲ. ಬೈರಮಂಗಲದ ರೈತ ಬೆಂಗಳೂರಿನ ಯಾವ ಸಭೆಯಲ್ಲಿ ಕೂತು ಕೇಳಬೇಕು, ಹೇಳಿ?

ಬೆಳಿಗ್ಗೆ ಕೆಂಗೇರಿಗೆ ಫೋನ್ ಮಾಡಿದೆ. "ಅಮ್ಮಾ, ಹೊಳೆ ಈಗ ಹೇಗಿದೆ?"

"ಯಾವ ಹೊಳೆನೇ?" ಅಂದರು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರಾಗಿಯೇ ಶುರು ಮಾಡಿದರು. ಬೇಸಿಗೆಯಲ್ಲಿ ಅಜ್ಜಿ ಅಲ್ಲಿಗೆ ಹೋಗಿ ಮರಳು ಕೆದಕಿ ಗುಂಡಿ ಮಾಡ್ತಿದ್ದರಂತೆ. ಮೊದಲು ಬಂದ ಕದಡಿದ ನೀರನ್ನು ಚೆಲ್ಲಿ, ತಿಳಿ ಒರತೆ ತುಂಬುವವರೆಗೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕಾಯ್ತಿದ್ದರಂತೆ. ತೆಂಗಿನ ಚಿಪ್ಪಲ್ಲಿ ಮೊಗೆದು ಮೊಗೆದು ಬಿಂದಿಗೆ ತುಂಬಿಸಿ, ಅದನ್ನೇ ಮನೆಗೆ ಕುಡಿಯೋಕೆ ತರ್ತಿದ್ದರಂತೆ.