ದಾರಿ ತಪ್ಪಿದ ಸಾಕುನಾಯಿ ಕಣ್ಣಿಗೆ ಬಿದ್ದರೆ

ದೀಪಾವಳಿಯ ದಿನಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಕೊರಳಿಗೆ ಪಟ್ಟಿಯಿದ್ದೂ ಜೊತೆಯಲ್ಲಿ ಯಾರೂ ಇಲ್ಲದೆ ಅಲೆಯುವ ನಾಯಿಗಳು ಪ್ರತಿವರ್ಷವೂ ಕಾಣಸಿಗುತ್ತವೆ. ಪಟಾಕಿಯ ಸದ್ದಿಗೆ ಬೆದರಿ ಗೇಟು ಹಾರಿ ಬಂದ ಇಂಥ ನಾಯಿಯನ್ನು ಕಂಡು ಮರುಗಿದವರು ಅದನ್ನು ಕೂಡಲೇ ಕಾರಿಗೆ ಹತ್ತಿಸಿಕೊಂಡು ಊರಿನ ಇನ್ನೊಂದು ತುದಿಯ ಆಶ್ರಯಧಾಮಕ್ಕೆ ಬಿಟ್ಟುಬರುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ನಾಯಿಯನ್ನು ಕಳೆದುಕೊಂಡವರು ಮೊದಲು ಹುಡುಕುವುದು ತಮ್ಮ ಮನೆಯ ಸುತ್ತಲಿನ ಬೀದಿಗಳಲ್ಲಿ. ಆದ್ದರಿಂದ ಅದು ಸಿಕ್ಕ ಜಾಗದ ಆಸುಪಾಸಿನಲ್ಲೇ ಅದನ್ನು ಸುರಕ್ಷಿತವಾಗಿ ಇರಿಸಿಕೊಳ್ಳುವುದೇ ಅದಕ್ಕೆ ನಾವು ಮಾಡಬಹುದಾದ ದೊಡ್ಡ ಉಪಕಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದು ನಿಜವಾಗಿ ಸಾಕುನಾಯಿಯೇ ಎಂಬುದನ್ನು ಮೊದಲು ಗಮನಿಸಬೇಕು. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ತನ್ನ ಬೀದಿಗೇ ಮರಳಿ ಬಿಡಲಾದ ನಾಯಿಯ ಗುರುತು. ಆರೋಗ್ಯವಾಗಿದ್ದರೆ ಅದನ್ನು ಅಲ್ಲಿಂದ ಕದಲಿಸಬಾರದು. ಇನ್ನು, ನಾಡತಳಿಯದೆಂಬ ಕಾರಣಕ್ಕೆ ಬೀದಿನಾಯಿಯೆಂದು ತೀರ್ಮಾನಿಸುವುದೂ ತಪ್ಪು. ರಸ್ತೆ ದಾಟಲು ತಿಳಿಯದೆ ತಬ್ಬಿಬ್ಬಾಗುವುದು, ಉಳಿದ ನಾಯಿಗಳನ್ನು ಕಂಡು ಮೂಲೆ ಸೇರುವುದು, ಪ್ರತಿ ಗೇಟಿನ ಮುಂದೆಯೂ ನಿಂತು ನೋಡುವುದು, ಇವೆಲ್ಲ ಮನೆಯಲ್ಲಿ ಬೆಳೆದ ಪ್ರಾಣಿಯ ಲಕ್ಷಣಗಳು.

ಹೆದರಿದ ನಾಯಿಯನ್ನು ಅಟ್ಟಿಸಿಕೊಂಡು ಹೋದರೆ ಅದು ಮುಖ್ಯರಸ್ತೆಗೆ ನುಗ್ಗುತ್ತದೆ. ನೇರವಾಗಿ ದಿಟ್ಟಿಸದೆ, ತುಸು ದೂರದಲ್ಲಿ ಮಗ್ಗುಲಾಗಿ ಕುಳಿತು, ನೀರನ್ನೂ ಒಂದಿಷ್ಟು ಮೊಸರನ್ನವನ್ನೂ ಇಟ್ಟು ಕಾಯಬೇಕು. ಗುರುಗುಟ್ಟಿದರೆ ಕೈಚಾಚದೆ ಅನುಭವವಿರುವ ರಕ್ಷಣಾ ಕಾರ್ಯಕರ್ತರನ್ನು ಕರೆಯುವುದು ಲೇಸು. ಕಚ್ಚಿದರೆ ಅಥವಾ ಪರಚಿದರೆ, ಗಾಯ ಎಷ್ಟೇ ಚಿಕ್ಕದಾಗಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಲೇಬೇಕು. ಪಟ್ಟಿ ಇದೆ ಎಂದ ಮಾತ್ರಕ್ಕೆ ಅದಕ್ಕೆ ಲಸಿಕೆ ಆಗಿದೆ ಎಂದು ನಂಬುವಂತಿಲ್ಲ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಬಂದದ್ದನ್ನು ಪ್ರತ್ಯೇಕವಾಗಿರಿಸಬೇಕು, ಏಕೆಂದರೆ ಮರಿಗಳ ಪ್ರಾಣಕ್ಕೇ ಕುತ್ತಾಗುವ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು.

ಹತ್ತಿರದ ಪಶುವೈದ್ಯರಲ್ಲಿ ಸ್ಕ್ಯಾನರ್ ಇದ್ದರೆ ಮೈಕ್ರೋಚಿಪ್ ಇದೆಯೇ ಎಂದು ನೋಡಿಸಬಹುದು. ಭುಜಗಳ ನಡುವೆ ಚರ್ಮದಡಿ ಇರುವ ಅಕ್ಕಿಕಾಳಿನಷ್ಟು ಗಾತ್ರದ ಆ ಚಿಪ್ಪಿನಲ್ಲಿ ಸಾಮಾನ್ಯವಾಗಿ 15 ಅಂಕಿಗಳ ಸಂಖ್ಯೆ ಮಾತ್ರ ಇರುತ್ತದೆ. ಅದನ್ನು ನೋಂದಾಯಿಸಿದಲ್ಲಿ ವಿಚಾರಿಸಿದರೆ ಮಾಲೀಕರ ವಿವರ ದೊರೆಯಬಹುದು. ಚಿಪ್ ಇಲ್ಲದ ನಾಯಿಗಳೇ ನಮ್ಮಲ್ಲಿ ಹೆಚ್ಚಾದ್ದರಿಂದ, ನಾನು ಹೆಚ್ಚು ಭರವಸೆ ಇಡುವುದು ಬೀದಿಯ ಜನರ ಮೇಲೆ: ಹಾಲು ಹಾಕುವವರು, ಇಸ್ತ್ರಿ ಮಾಡುವವರು, ತಳ್ಳುಗಾಡಿಯ ತರಕಾರಿಯವರು, ಅಪಾರ್ಟ್‌ಮೆಂಟಿನ ಕಾವಲುಗಾರರು. ಯಾರ ಮನೆಯಲ್ಲಿ ಯಾವ ನಾಯಿ ಇದೆ ಎಂಬುದು ಇವರಿಗೆ ತಿಳಿದಿರುವಷ್ಟು ಅಕ್ಕಪಕ್ಕದ ಮನೆಯವರಿಗೂ ತಿಳಿದಿರುವುದಿಲ್ಲ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಚಿತ್ರ ಹಾಕುವಾಗ ಒಂದು ಗುರುತನ್ನು, ಉದಾಹರಣೆಗೆ ಹೊಟ್ಟೆಯ ಮೇಲಿನ ಮಚ್ಚೆಯನ್ನು, ಮುಚ್ಚಿಟ್ಟುಕೊಳ್ಳಬೇಕು. ಬೆಲೆಬಾಳುವ ತಳಿಯಾದರೆ ಮಾರಾಟಕ್ಕಾಗಿ ಸುಳ್ಳು ಹೇಳಿ ಕೊಂಡೊಯ್ಯಲು ಯಾರಾದರೂ ಬರಬಹುದು. ಆ ಗುರುತನ್ನು ಹೇಳಬಲ್ಲವರಿಗೆ, ಹಳೆಯ ಚಿತ್ರಗಳನ್ನೋ ಲಸಿಕೆಯ ಪುಸ್ತಕವನ್ನೋ ತೋರಿಸಬಲ್ಲವರಿಗೆ ಮಾತ್ರ ಒಪ್ಪಿಸಬೇಕು.

ಕೆಲವನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಮತ್ತೆ ಮತ್ತೆ ಮರಿ ಹಾಕಿಸಿ ಬಸವಳಿದ ಹೆಣ್ಣುನಾಯಿಯನ್ನೋ, ಚರ್ಮರೋಗ ಹತ್ತಿದ ನಾಯಿಯನ್ನೋ ಬೇಕೆಂದೇ ಬಿಟ್ಟುಹೋಗಿರುತ್ತಾರೆ. ಇದು ಕ್ರೌರ್ಯ ಮಾತ್ರವಲ್ಲ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಬಿಟ್ಟುಹೋದ ವಾಹನದ ಸಂಖ್ಯೆ ಸಿಸಿಟಿವಿಯಲ್ಲಿ ದೊರೆತರೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬಾರದು. ಇಂಥ ನಾಯಿಗೆ ಹೊಸ ಮನೆ ಹುಡುಕುವುದಾದರೆ, ಮೊದಲು ಚಿಕಿತ್ಸೆಯನ್ನೂ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ, ಆ ಮನೆಗೆ ಒಮ್ಮೆ ಹೋಗಿ ಅದನ್ನು ಎಲ್ಲಿ ಮಲಗಿಸುತ್ತಾರೆ, ಹಗಲೆಲ್ಲ ಕಟ್ಟಿಹಾಕುತ್ತಾರೆಯೇ ಎಂಬುದನ್ನು ಕಣ್ಣಾರೆ ಕಂಡ ನಂತರವೇ ಕೊಡಬೇಕು.